ಸೇನಾಪತಿಯ ಮುಖ

ಜನವರಿ 6

ಪ್ರಿಯ ಮಸಿ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಹರಿದು ಹಾಕುತ್ತೀಯ ಅಂತ ಗೊತ್ತು. ಅದಕ್ಕೇ ವಿಳಾಸವನ್ನು ಪ್ರೂಫ್ ಅಕ್ಕನ ಕೈಯಲ್ಲಿ ಬರೆಸಿದ್ದೇನೆ. ಹೇಗೂ ಒಡೆದಾಯಿತು, ಇನ್ನು ಪೂರ್ತಿ ಓದಿಬಿಡು. ಹದಿನಾಲ್ಕು ವರ್ಷದ ಸಿಟ್ಟು ಎಲ್ಲೂ ಓಡಿ ಹೋಗುವುದಿಲ್ಲ, ಓದಿ ಮುಗಿಸಿದ ಮೇಲೂ ಅಲ್ಲೇ ಇರುತ್ತದೆ.

ಪತ್ರಿಕೆ ನಿಲ್ಲುತ್ತಿದೆ ಕಣೋ. ಏಪ್ರಿಲ್ ಸಂಚಿಕೆಯೇ ಕೊನೆ. ಯಜಮಾನರು ಮೊನ್ನೆ ಎಲ್ಲರನ್ನೂ ಮೇಲಿನ ಕೋಣೆಗೆ ಕರೆದು ಹೇಳಿದರು. ಹೇಳುವಾಗ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಆ ಮನುಷ್ಯನ ಮುಖವನ್ನೇ ನೀನು ನಮ್ಮ ಚಿತ್ರಕಥೆಯ ಹೊಗೆಮಾಂತ್ರಿಕನಿಗೆ ಅಂಟಿಸಿದೆಯಲ್ಲ, ಮೀಸೆ ಒಂದನ್ನು ತೆಗೆದು. ಇಪ್ಪತ್ತಾರು ವರ್ಷ ತಿಂಗಳು ತಿಂಗಳು ನೋಡಿದರೂ ಅವರಿಗೆ ತನ್ನ ಮುಖ ಗುರುತು ಹತ್ತಲಿಲ್ಲ. ಬೂದಿರಾಣಿ ನನ್ನ ಹಳೆಯ ಮನೆಯ ಒಡತಿ, ಮುದುಕಿ ಮಂತ್ರಿ ನಮ್ಮ ಪ್ರೂಫ್ ಅಕ್ಕ, ನೋಯುವ ಹಲ್ಲು ಬಿಟ್ಟು ನಿನ್ನ ಬೇರೆ ಹಲ್ಲು ಕಿತ್ತ ಆ ಡಾಕ್ಟರ್ ಕಬ್ಬಿಣಹಲ್ಲ. ಎದುರಿಗೆ ಜೀವಂತ ಮುಖ ಇಲ್ಲದೆ ನಿನಗೆ ಒಂದು ಗೆರೆಯೂ ಬರುತ್ತಿರಲಿಲ್ಲ. ನಮ್ಮ ರಾಜ ಸಿಡಿಲರಸನ ಬಂಟರು, ವೈರಿಗಳು ಎಲ್ಲರೂ ನಮ್ಮ ಬೀದಿಯವರೇ. ರಾಜನಿಗೆ ಮಾತ್ರ ಮುಖವಾಡ. ಸೇನಾಪತಿ ಮಾತ್ರ ನೀನೇ.

ವಿಷಯಕ್ಕೆ ಬರುತ್ತೇನೆ. ಕೊನೆಯ ಸಂಚಿಕೆಯಲ್ಲಿ ಸೇನಾಪತಿಯನ್ನು ವಾಪಸ್ ತರಬೇಕು ಅಂತಿದ್ದೇನೆ. ಕೋಟೆಯ ಬಾಗಿಲನ್ನು ವೈರಿಗಳಿಗೆ ತೆಗೆದುಕೊಟ್ಟು ಓಡಿಹೋದವನು ಹದಿನಾಲ್ಕು ವರ್ಷದ ಮೇಲೆ ಆಸ್ಥಾನಕ್ಕೆ ಬರುತ್ತಾನೆ, ರಾಜ ಕ್ಷಮಿಸುತ್ತಾನೆ. ಎಂಟು ಪುಟ. ನೀನೇ ಬಿಡಿಸಬೇಕು. ಈಗಿರುವ ಹುಡುಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ, ಕೈ ಚುರುಕು, ಕೆಟ್ಟವಳಲ್ಲ, ಆದರೆ ಸೇನಾಪತಿಯ ಮುಖ ಅವಳಿಗೆ ಬರುತ್ತಿಲ್ಲ.

ಇನ್ನೊಂದು ಮಾತು. ನಾವಿಬ್ಬರೂ ಸಹಿ ಹಾಕಬಾರದು ಅಂತ ಮಾತಾಡಿಕೊಂಡಿದ್ದ ಯಜಮಾನರ ಆ ಹಕ್ಕಿನ ಕಾಗದಕ್ಕೆ ನೀನು ಹೋಗಿ ಸಹಿ ಹಾಕಿ ಬಂದೆಯಲ್ಲ, ಅದನ್ನು ನಾನು ಮನಸ್ಸಿನಿಂದ ಯಾವತ್ತೋ ತೆಗೆದುಹಾಕಿದ್ದೇನೆ. ನೀನೂ ಹಳೆಯದನ್ನು ಕೆದಕಬೇಡ.

ಅತ್ತಿಗೆಗೆ ನಮಸ್ಕಾರ. ಮಗುವಿಗೆ ಆಶೀರ್ವಾದ, ಈಗ ಮಗು ಅಂದರೆ ಬೈಯುತ್ತಾಳೋ ಏನೋ.

ನಿನ್ನ
ಬಾಯಿ


ಜನವರಿ 29

ಬಾಯಿ,

ಕಾಗದ ಬಂತು. ಪ್ರೂಫ್ ಅಕ್ಕನ ಅಕ್ಷರ ಈಗಲೂ ದುಂಡಗಿದೆ.

ನನಗೆ ಬಿಡುವಿಲ್ಲ. ಒಂದು ಬೀಗದ ಕಂಪನಿಗೆ ಕ್ಯಾಟಲಾಗಿನ ಚಿತ್ರ ಮಾಡಿಕೊಡುತ್ತೇನೆ. ಬೀಗ, ಚಿಲಕ, ಅಗುಳಿ, ಒಳಗಿನ ಸ್ಪ್ರಿಂಗು, ಎಲ್ಲವನ್ನೂ ಬಿಡಿಸಿ ಬಾಣದ ಗುರುತು ಹಾಕಿ ತೋರಿಸಬೇಕು. ಕೋಟೆ ಬಾಗಿಲು ತೆಗೆದವನಿಗೆ ಸರಿಯಾದ ಕೆಲಸವೇ ಸಿಕ್ಕಿದೆ, ನಗಬೇಕಾದರೆ ನಗು.

ನೀನು ನನ್ನನ್ನು ಕ್ಷಮಿಸಿದ್ದು ಓದಿ ಸಂತೋಷವಾಯಿತು. ಏನನ್ನು ಕ್ಷಮಿಸಿದೆ ಅಂತ ಬಿಡುವಾದಾಗ ಒಂದು ಸಲ ಕೂತು ಯೋಚಿಸು.

ಮನೆಯವಳು ಚೆನ್ನಾಗಿದ್ದಾಳೆ. ಮಗಳು ಬೇರೆ ಊರಿನಲ್ಲಿದ್ದಾಳೆ.

ಮಸಿ


ಫೆಬ್ರವರಿ 5

ಪ್ರಿಯ ಮಸಿ,

ನಿನ್ನ ಕಾಗದ ಇಷ್ಟು ಉದ್ದ ಇರುತ್ತದೆ ಅಂದುಕೊಂಡಿರಲಿಲ್ಲ. ನಾಲ್ಕು ಸಾಲಿಗೆ ತಯಾರಾಗಿದ್ದೆ.

ಯೋಚಿಸು ಅಂದೆ. ಯೋಚಿಸುವುದನ್ನು ಬಿಟ್ಟು ಬೇರೆ ಕೆಲಸ ನನಗೇನಿದೆ ಈಗ? ಕಚೇರಿಯಲ್ಲಿ ಅರ್ಧದಷ್ಟು ಮೇಜುಗಳು ಖಾಲಿ. ನೀನು ಕೂರುತ್ತಿದ್ದ ಉತ್ತರದ ಕಿಟಕಿಯ ಹತ್ತಿರ ಈಗ ಹಳೆಯ ಸಂಚಿಕೆಗಳ ಕಟ್ಟು ಪೇರಿಸಿದ್ದಾರೆ. ಪ್ರೂಫ್ ಅಕ್ಕ ಮಧ್ಯಾಹ್ನದ ಹೊತ್ತಿಗೆ ಕನ್ನಡಕ ಹಣೆಗೇರಿಸಿ ಕೂತಲ್ಲೇ ನಿದ್ದೆ ಮಾಡುತ್ತಾಳೆ, ಯಾರೂ ಎಬ್ಬಿಸುವುದಿಲ್ಲ.

ಕಂಪ್ಯೂಟರಿನ ಹುಡುಗಿಗೆ ನಾನೇ ಪಕ್ಕದಲ್ಲಿ ನಿಂತು ಹೇಳಿದೆ. ಗಲ್ಲ ಇನ್ನೂ ಸ್ವಲ್ಪ ಒಳಗೆ, ಎಡಗಡೆ ಹುಬ್ಬು ಮೇಲೆ, ಯಾರೋ ಏನೋ ಕೇಳಿದ್ದಾರೆ ಆದರೆ ಉತ್ತರ ಹೇಳಲು ಸೋಮಾರಿತನ ಅನ್ನುವ ಹಾಗಿರಬೇಕು ಅಂದೆ. ಅವಳು ಎಂಟು ಸಲ ಬಿಡಿಸಿದಳು. ಎಂಟೂ ಸಲ ಯಾರೋ ಬ್ಯಾಂಕಿನ ಮ್ಯಾನೇಜರ್ ಕವಚ ತೊಟ್ಟ ಹಾಗಿತ್ತು. ಕೊನೆಗೆ ಅವಳೇ ಕೇಳಿದಳು, ಸರ್, ಆ ಮುಖ ಇರುವವರನ್ನೇ ಕರೆಸಬಾರದಾ ಅಂತ. ನಾನು ಕೆಳಗೆ ಹೋಗಿ ನೀರು ಕುಡಿದು ಬಂದೆ.

ನನ್ನಿಂದ ತಪ್ಪೇ ಆಗಿಲ್ಲ ಅನ್ನುತ್ತಿಲ್ಲ. ಸೇನಾಪತಿಯ ಕೈಯಲ್ಲಿ ಬಾಗಿಲು ತೆಗೆಸಬಾರದಿತ್ತು. ಸಿಟ್ಟಿನ ಭರದಲ್ಲಿ ಬರೆದು ಕಳಿಸಿದೆ. ನೀನು ಅದನ್ನು ಓದಿ ಎದ್ದು ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತೀಯ ಅಂದುಕೊಂಡಿದ್ದೆ. ನೀನು ತುಟಿ ಪಿಟಕ್ಕೆನ್ನದೆ ಆರು ಪುಟ ಬಿಡಿಸಿ ಕೊಟ್ಟು, ಪೆನ್ನು ತೊಳೆದಿಟ್ಟು ಹೋದೆ. ನನ್ನ ಮಾತನ್ನು ನೀನು ಮುಟ್ಟಬಾರದು, ನಿನ್ನ ಗೆರೆಯನ್ನು ನಾನು ಮುಟ್ಟಬಾರದು ಅಂತ ನಮ್ಮ ಪದ್ಧತಿ ಇತ್ತಲ್ಲ. ಆ ದಿನವೂ ನೀನು ಅದನ್ನು ಪಾಲಿಸಿದೆ. ಅಷ್ಟು ಒಳ್ಳೆಯ ಚಿತ್ರ ನೀನು ಅದಕ್ಕಿಂತ ಮುಂಚೆ ಬಿಡಿಸಿರಲಿಲ್ಲ, ಅದೂ ನಿಜ.

ಮಗಳು ಎಲ್ಲಿದ್ದಾಳೆ, ಏನು ಕೆಲಸ? ನನ್ನ ಹೆಗಲ ಮೇಲೆ ಕೂತು ಅಚ್ಚಿನ ಯಂತ್ರ ನೋಡುತ್ತಿದ್ದವಳು. ಒಂದು ಸಾಲು ಬರಿ.

ನಿನ್ನ
ಬಾಯಿ


ಫೆಬ್ರವರಿ 20

ಬಾಯಿ,

ಕೇಳಿದ್ದೀಯ, ಹೇಳುತ್ತೇನೆ. ಆಮೇಲೆ ಯಾಕೆ ಕೇಳಿದೆನಪ್ಪಾ ಅಂದುಕೊಳ್ಳಬೇಡ.

ಮಗಳಿಗೆ ಇಪ್ಪತ್ತಮೂರು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುತ್ತಾಳೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಾತ್ರೆ ತಗೊಂಡಿರಾ, ಮೊಣಕಾಲು ಹೇಗಿದೆ, ಅಮ್ಮನಿಗೆ ಕೊಡಿ. ಮೂರು ನಿಮಿಷ. ಜಗಳ ಇಲ್ಲ, ಕೋಪ ಇಲ್ಲ. ಹೊಸಬರ ಮನೆಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತ ಹಾಗೆ ನನ್ನ ಜೊತೆ ಇರುತ್ತಾಳೆ. ಹದಿನಾಲ್ಕು ವರ್ಷದಿಂದ ಹೀಗೇ.

ಆ ಸಂಚಿಕೆ ಬಂದಾಗ ಅವಳಿಗೆ ಒಂಬತ್ತು. ಸೇನಾಪತಿಯ ಮುಖ ಅವಳ ಅಪ್ಪನದು ಅಂತ ಶಾಲೆಗೆಲ್ಲ ಗೊತ್ತಿತ್ತು. ಒಂದು ಸಲ ಅವಳ ತರಗತಿಗೇ ಹೋಗಿ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೆ, ಎಂಥ ಹೆಮ್ಮೆ ನನಗೆ. ಆ ಸಂಚಿಕೆ ಬಂದ ಮೇಲೆ ಅವಳು ತರಗತಿಯೊಳಗೆ ಕಾಲಿಟ್ಟರೆ ಸಾಕು, ಮಕ್ಕಳೆಲ್ಲ ಎದ್ದು ನಿಂತು ಬಾಗಿಲು ತೆಗೆಯುವ ಹಾಗೆ ಅಭಿನಯ ಮಾಡುತ್ತಿದ್ದರಂತೆ. ಟೀಚರ್ ಕೂಡ ಒಂದು ದಿನ ನಕ್ಕರಂತೆ. ಇದೆಲ್ಲ ಅವಳಮ್ಮ ಆಮೇಲೆ ಹೇಳಿದ್ದು.

ಅವಳು ರಾಜನಿಗೆ ಕಾಗದ ಬರೆದಳು. ಓದುಗರ ಪುಟದಲ್ಲಿ ಮಕ್ಕಳಿಗೆ ರಾಜನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದವನು ನೀನು. ಕಥೆ ಈ ದೊಡ್ಡಪ್ಪ ಬರೆಯುವುದು, ಆದರೆ ಉತ್ತರ ಮಾತ್ರ ರಾಜನೇ ಬರೆಯುತ್ತಾನೆ ಅಂತ ಅವಳಿಗೆ ನಂಬಿಸಿದವನೂ ನೀನೇ. ಬರೆಯುವ ಮಕ್ಕಳೆಲ್ಲ ರಾಜನ ಗೂಢಚಾರರು, ಸ್ವಂತ ಹೆಸರು ಹಾಕಬಾರದು, ಗುಟ್ಟಿನ ಹೆಸರು ಹಾಕಬೇಕು ಅಂತ ನಿಯಮ ಮಾಡಿದ್ದೆಯಲ್ಲ. ಅವಳ ಗುಟ್ಟಿನ ಹೆಸರು ಕಾಗೆಮರಿ.

ಎರಡು ತಿಂಗಳು ದಿನಾ ಬಾಗಿಲಲ್ಲಿ ಕಾದಳು. ಉತ್ತರ ಅಚ್ಚಾಗಿ ಬಂತು. ನನಗೆ ಅದು ಬಾಯಿಪಾಠ ಆಗಿದೆ. "ಗೂಢಚಾರ ಕಾಗೆಮರಿ, ಕೋಟೆಯ ಬಾಗಿಲು ತೆಗೆದವನ ಪರವಾಗಿ ಅಳುವವರು ನನ್ನ ಪ್ರಜೆಗಳಲ್ಲ. ನಿನಗೆ ಕೊಟ್ಟ ರಾಜಮುದ್ರೆಯನ್ನು ಹಿಂದಿರುಗಿಸು."

ರಟ್ಟಿನ ಬಿಲ್ಲೆ ಅದು, ನೀವು ಎಲ್ಲ ಮಕ್ಕಳಿಗೂ ಕಳಿಸುತ್ತಿದ್ದದ್ದು. ಅವಳು ಅದನ್ನು ಲಕೋಟೆಗೆ ಹಾಕಿ, ಅಮ್ಮನ ಹತ್ತಿರ ಅಂಚೆಚೀಟಿ ಕೇಳಿ ತೆಗೆದುಕೊಂಡು, ವಾಪಸ್ ಕಳಿಸಿದಳು.

ಅವತ್ತು ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಬಾಗಿಲು ತೆಗೆಯುವ ಆ ಪುಟ ಕೈಯಲ್ಲಿತ್ತು. "ಅಪ್ಪ, ಈ ಚಿತ್ರ ನೀನೇ ಬಿಡಿಸಿದ್ದಾ?" ಅಂದಳು. ಹೌದು ಅಂದೆ. ಪುಟವನ್ನು ಮೇಜಿನ ಮೇಲಿಟ್ಟು ಹೋದಳು. ಅವತ್ತಿನಿಂದ ನನ್ನ ಪಕ್ಕದಲ್ಲಿ ಬಂದು ಕೂತಿಲ್ಲ. ಅಪ್ಪ ದ್ರೋಹಿ ಅಂತ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲ ಅಂತ ಹೇಳಲು ನನಗೂ ಬಾಯಿ ಬರಲಿಲ್ಲ, ಯಾಕೆಂದರೆ ಸಹಿ ಹಾಕಿದ್ದು ನಿಜ ತಾನೇ.

ರಾಜನಿಂದ ನನಗೆ ಕ್ಷಮೆ ಕೊಡಿಸಲು ಹೊರಟಿದ್ದೀಯ. ಯಾರಿಗೆ ಬೇಕು ಅದು?

ಮಸಿ


ಮಾರ್ಚ್ 1

ಮಸಿ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ.

ಓದುಗರ ಕಾಗದಗಳು ಕೆಳಗಿನ ಉಗ್ರಾಣದಲ್ಲಿ ಗೋಣಿಚೀಲಗಳಲ್ಲಿವೆ. ಎರಡು ದಿನ ಅಲ್ಲಿ ಕೂತು ಹುಡುಕಿದೆ. ಪ್ರೂಫ್ ಅಕ್ಕ ಬಂದು, ಏನಪ್ಪ ಇಲಿ ಹಿಡಿಯುತ್ತಿದ್ದೀಯಾ ಅಂದಳು. ಹೇಳಿದೆ. ಆಮೇಲೆ ಅವಳೂ ನೆಲದ ಮೇಲೆ ಕಾಲು ಚಾಚಿ ಕೂತು ಹುಡುಕಿದಳು. ಅವಳಿಗೇ ಸಿಕ್ಕಿತು. ಜೊತೆಯಲ್ಲೇ ಬಿಲ್ಲೆಯ ಲಕೋಟೆಯೂ ಇತ್ತು. ಯಾರೂ ಅದನ್ನು ಒಡೆದೇ ಇರಲಿಲ್ಲ.

ಅವಳು ಏನು ಬರೆದಿದ್ದಳು ಅಂತ ನಿನಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಇಲ್ಲಿ ಇಳಿಸುತ್ತಿದ್ದೇನೆ.

"ಮಹಾರಾಜರೇ, ನಿಮಗೆ ಯಾರೋ ಸುಳ್ಳು ಹೇಳಿದ್ದಾರೆ. ಸೇನಾಪತಿಗೆ ಬಾಗಿಲು ತೆಗೆಯಲು ಬರುವುದಿಲ್ಲ. ನಮ್ಮ ಮನೆಯ ಬೀರುವಿನ ಬಾಗಿಲು ಗಟ್ಟಿ ಇದೆ, ಅದನ್ನು ಅಮ್ಮನೇ ತೆಗೆದು ಕೊಡಬೇಕು. ಡಬ್ಬಿಯ ಮುಚ್ಚಳವನ್ನೂ ಅಮ್ಮನೇ ತೆಗೆಯುವುದು. ಕೋಟೆಯ ಬಾಗಿಲು ಅದಕ್ಕಿಂತ ದೊಡ್ಡದು. ದಯವಿಟ್ಟು ಅವರನ್ನು ವಾಪಸ್ ಕರೆಯಿರಿ. ಅವರು ಈಗ ಮನೆಯಲ್ಲಿ ಸುಮ್ಮನೆ ಕೂತಿರುತ್ತಾರೆ."

ಇದನ್ನು ನಾನು ಓದಿದ್ದೆ, ಮಸಿ. ಮೂಲ ಕಾಗದವನ್ನಲ್ಲ, ಪ್ರೂಫ್ ಅಕ್ಕ ನಕಲು ಮಾಡಿಕೊಡುತ್ತಿದ್ದ ಪ್ರತಿಯನ್ನು. ಮೂಲವನ್ನು ಕಣ್ಣಾರೆ ನೋಡಿದ್ದರೆ ಮಗುವಿನ ಅಕ್ಷರ ಗೊತ್ತಾಗುತ್ತಿತ್ತು, ಅವಳಿಗೆ ಅಕ್ಷರ ತಿದ್ದಿಸಿದವನೇ ನಾನು. ಮಕ್ಕಳು ಯಾವಾಗಲೂ ಹೀಗೇ ಬರೆಯುತ್ತಿದ್ದರಲ್ಲ, ಬೂದಿರಾಣಿ ನಮ್ಮ ಮಹಡಿಯಲ್ಲಿದ್ದಾಳೆ, ಕಬ್ಬಿಣಹಲ್ಲ ನಮ್ಮ ಬಸ್ಸಿನಲ್ಲಿ ಬಂದಿದ್ದ ಅಂತ. ಇದೂ ಅಂಥದ್ದೇ ಅಂದುಕೊಂಡೆ. ಆ ತಿಂಗಳು ಹನ್ನೊಂದು ಮಕ್ಕಳು ಸೇನಾಪತಿಯ ಪರ ಬರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬರಿಗಾದರೂ ಬಿಸಿ ಮುಟ್ಟಿಸಬೇಕು ಅಂತ ಕಣ್ಣುಮುಚ್ಚಿ ಒಂದನ್ನು ಎತ್ತಿಕೊಂಡೆ.

ಯಾಕೆ ಉರಿಯಿತು ಅಂತ ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ನಿನಗಿಂತ ಎರಡು ದಿನ ಮೊದಲೇ. ಸಿಡಿಲರಸ, ಅವನ ಬಂಟರು, ಅವನ ವೈರಿಗಳು, ಇನ್ನು ಮುಂದೆ ಹುಟ್ಟುವವರು, ಎಲ್ಲರೂ ಪತ್ರಿಕೆಗೆ ಸೇರಿದವರು ಅಂತ ಬರೆದಿತ್ತಲ್ಲ, ಅದರ ಕೆಳಗೆ. ಯಜಮಾನರು ಹೆದರಿಸಲೂ ಇಲ್ಲ. ನೀವು ಸಹಿ ಹಾಕದಿದ್ದರೆ ಪರವಾಗಿಲ್ಲ, ರಾಜನ ಕಥೆ ಬರೆಯಲು ಬೇರೆ ಯಾರಾದರೂ ಸಿಗುತ್ತಾರೆ ಅಂದರು ಅಷ್ಟೇ. ನಾನಿಲ್ಲದೆ ಅವನು ಮುಂದಿನ ತಿಂಗಳೂ ಸಿಡಿಲು ಹಿಡಿದು ಹಾರುತ್ತಾನಲ್ಲ ಅಂತ ಹೆದರಿದೆ. ಅವನಿಲ್ಲದೆ ನಾನು ಯಾರು? ಯಜಮಾನರ ಕೋಣೆಗೆ ಹೋಗಿ ಹತ್ತು ನಿಮಿಷದಲ್ಲಿ ಸಹಿ ಹಾಕಿ ಬಂದೆ. ಕೆಳಗೆ ಬಂದು ನಿನ್ನ ಪಕ್ಕದಲ್ಲಿ ಕೂತು, ಜಪ್ಪಯ್ಯ ಅಂದರೂ ಸಹಿ ಹಾಕಬಾರದು ಕಣೋ ಅಂತ ಭಾಷಣ ಮಾಡಿದೆ.

ಎರಡು ದಿನದ ಮೇಲೆ ನೀನೂ ಹಾಕಿದೆ ಅಂತ ತಿಳಿಯಿತು. ನನಗೆ ಎಷ್ಟು ಹಗುರವಾಯಿತು ಗೊತ್ತಾ. ಅಬ್ಬ, ದ್ರೋಹಿ ನಾನಲ್ಲ, ಇವನು ಅಂತ. ಅವತ್ತೇ ಕೂತು ಬಾಗಿಲು ತೆಗೆಯುವ ಕಥೆ ಬರೆದೆ. ನಾನು ಮಾಡಿದ್ದನ್ನು ಮಾಡಲು ಕಥೆಯಲ್ಲಿ ಯಾರಾದರೂ ಬೇಕಿತ್ತು. ನನ್ನ ಮುಖ ಅದರಲ್ಲಿ ಇರಲೇ ಇಲ್ಲ, ನೀನು ಎಷ್ಟು ಸಲ ಕೇಳಿದರೂ ನಾನು ಬೇಡ ಅಂದಿದ್ದೆ. ನಿನ್ನದಿತ್ತು.

ನಿನ್ನಲ್ಲಿ ಕ್ಷಮೆ ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಮಗುವಿನಲ್ಲಿ ಹೇಗೆ ಕೇಳಬೇಕು ಅಂತ ತಿಳಿಯುತ್ತಿಲ್ಲ.

ಬಾಯಿ


ಮಾರ್ಚ್ 8

ಬಾಯಿ,

ನಿನ್ನ ಸಹಿಯ ವಿಷಯ ನನಗೆ ಗೊತ್ತಿತ್ತು. ನೀನು ಸಹಿ ಹಾಕಿದ್ದ ಹಾಳೆಯ ಮೇಲೇ ನನ್ನದನ್ನೂ ಹಾಕಿಸಿಕೊಂಡದ್ದು, ಮಾರಾಯ. ನಿನ್ನದು ಮೇಲೆ, ನನ್ನದು ಕೆಳಗೆ. ಅದನ್ನು ನೋಡಿದ ಮೇಲೆ ಇನ್ನು ನಾನೊಬ್ಬನೇ ಯಾರಿಗಾಗಿ ಹಟ ಹಿಡಿಯಲಿ ಅಂತ ಹಾಕಿದೆ. ಇಷ್ಟು ಸಣ್ಣ ವಿಷಯ ನಿನಗೆ ಹದಿನಾಲ್ಕು ವರ್ಷದಲ್ಲಿ ಹೊಳೆಯಲಿಲ್ಲವಲ್ಲ. ಇಷ್ಟೆಲ್ಲ ಕಥೆ ಕಟ್ಟುವ ತಲೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ನೀನೇ ಹೇಳುತ್ತೀಯ ಅಂತ ಕಾದೆ. ಬಾಗಿಲು ತೆಗೆಯುವ ಕಥೆ ನನ್ನ ಮೇಜಿಗೆ ಬಂದಾಗಲೂ, ಆರನೇ ಪುಟ ಮುಗಿಸುವುದರೊಳಗೆ ನೀನು ಬಂದು ಇದನ್ನು ನಿಲ್ಲಿಸುತ್ತೀಯ ಅಂತ ನಿಧಾನವಾಗಿ ಬಿಡಿಸಿದೆ. ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂದದ್ದು.

ಮಗಳ ಕಾಗದವನ್ನು ಮನೆಯವಳಿಗೆ ಓದಿ ಹೇಳಿದೆ. ಡಬ್ಬಿಯ ಮುಚ್ಚಳದ ಹತ್ತಿರ ನಕ್ಕಳು. ಕೊನೆಯ ಸಾಲಿಗೆ ಎದ್ದು ಒಳಗೆ ಹೋದಳು.

ಕಥೆ ಕಳಿಸು. ಬಿಡಿಸುತ್ತೇನೋ ಇಲ್ಲವೋ ಓದಿ ಹೇಳುತ್ತೇನೆ.

ಮಸಿ


ಮಾರ್ಚ್ 12

ಮಸಿ,

ಎಂಟು ಪುಟದ ಕಥೆ ಇದರ ಜೊತೆಗಿದೆ. ಮೊದಲು ಬರೆದಿದ್ದನ್ನು ಸುಟ್ಟುಹಾಕಿದೆ.

ಈಗ ಹೀಗಿದೆ. ವೈರಿಗಳೆಲ್ಲ ಸೋತು ಆಸ್ಥಾನದಲ್ಲಿ ನಿಂತಿದ್ದಾರೆ, ಹೊಗೆಮಾಂತ್ರಿಕ, ಬೂದಿರಾಣಿ, ಕಬ್ಬಿಣಹಲ್ಲ. ಇನ್ನೊಂದು ಕಡೆ ಬಂಟರು. ಎಲ್ಲರೂ ರಾಜ ಈಗ ಯಾರಿಗೆ ಶಿಕ್ಷೆ ಕೊಡುತ್ತಾನೆ ಅಂತ ನೋಡುತ್ತಿದ್ದಾರೆ. ಅವನು ಸಿಂಹಾಸನದಿಂದ ಇಳಿದು, ಇಪ್ಪತ್ತಾರು ವರ್ಷ ತೆಗೆಯದ ಮುಖವಾಡ ತೆಗೆಯುತ್ತಾನೆ. ಆ ದಿನ ಬಾಗಿಲು ತೆಗೆದವನು ಸೇನಾಪತಿಯಲ್ಲ, ನಾನು ಅನ್ನುತ್ತಾನೆ. ಹೊರಗಿನವರು ನನ್ನ ಬದಲಿಗೆ ಬೇರೆ ರಾಜನನ್ನು ಕೂರಿಸುತ್ತೇವೆ ಅಂದರು, ಹೆದರಿ ತೆಗೆದುಬಿಟ್ಟೆ ಅನ್ನುತ್ತಾನೆ. ಮಾಯೆ ಮಂತ್ರ ಏನೂ ಬೇಡ. ಯಾರೋ ವಶೀಕರಣ ಮಾಡಿದ್ದರು ಅನ್ನುವ ನೆಪವೂ ಬೇಡ.

ಮುಖವಾಡದ ಕೆಳಗೆ ನನ್ನ ಮುಖ ಬಿಡಿಸು.

ಎಂಟನೇ ಪುಟದ ಕೊನೆಯ ಚೌಕದಲ್ಲಿ ರಾಜ ಸೇನಾಪತಿಯ ಮುಂದೆ ಮಂಡಿಯೂರುತ್ತಾನೆ. ಸೇನಾಪತಿ ಅವನ ಹೆಗಲು ಹಿಡಿದು ಎಬ್ಬಿಸಿ ಅಪ್ಪಿಕೊಂಡು, "ಕ್ಷಮಿಸಿದ್ದೇನೆ, ಏಳು" ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಮಗು ಇದನ್ನು ಓದಿದರೆ ಅವಳ ಅಪ್ಪ ಏನೂ ತಪ್ಪು ಮಾಡಿಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಅದೊಂದು ಆದರೆ ಸಾಕು ನನಗೆ. ಯಜಮಾನರಿಗೆ ತೋರಿಸಿಲ್ಲ. ಈಗ ಅವರು ಓದುವುದನ್ನೂ ಬಿಟ್ಟಿದ್ದಾರೆ.

ಏಪ್ರಿಲ್ ಹತ್ತರೊಳಗೆ ಪುಟಗಳು ಕೈಗೆ ಬಂದರೆ ಅಚ್ಚಿಗೆ ಹೋಗುತ್ತವೆ. ಇಲ್ಲದಿದ್ದರೆ ಎಂಟು ಪುಟ ಖಾಲಿ ಬಿಡುತ್ತೇನೆ, ಬೇರೆಯವರ ಕೈಯಲ್ಲಿ ಬಿಡಿಸುವುದಿಲ್ಲ.

ಬಾಯಿ


ಏಪ್ರಿಲ್ 7

ಬಾಯಿ,

ಎಂಟು ಪುಟ ಇದರಲ್ಲಿವೆ. ಮಾತುಗಳನ್ನೂ ನಾನೇ ಕೈಯಲ್ಲಿ ಬರೆದಿದ್ದೇನೆ, ಹಿಂದಿನ ಹಾಗೆ. ಇದ್ದದ್ದು ಇದ್ದ ಹಾಗೆ ಹಾಕು. ಯಾರೂ ಏನನ್ನೂ ಸೇರಿಸಕೂಡದು.

ನಿನ್ನ ಈಗಿನ ಮುಖ ನನಗೆ ಗೊತ್ತಿಲ್ಲ. ನಾನು ಕೊನೆಯ ಸಲ ನೋಡಿದ್ದನ್ನು ಬಿಡಿಸಿದ್ದೇನೆ. ಸೇನಾಪತಿಗೆ ಮಾತ್ರ ವಯಸ್ಸಾಗಿದೆ, ಕನ್ನಡಿ ಎದುರಿಗಿತ್ತು.

ಗೆರೆ ಮೊದಲಿನ ಹಾಗಿಲ್ಲ, ಐದನೇ ಪುಟದಲ್ಲಿ ಗೊತ್ತಾಗುತ್ತದೆ.

ಮಸಿ


ಏಪ್ರಿಲ್ 16

ಮಸಿ,

ಪುಟಗಳು ಸರಿಯಾದ ಹೊತ್ತಿಗೆ ಬಂದವು. ಮೇಜು ಒರೆಸಿ, ಕೈ ತೊಳೆದು, ಒಂದೊಂದಾಗಿ ಹರಡಿ ನೋಡಿದೆ. ಮುಖವಾಡ ತೆಗೆದ ಚೌಕ ನೋಡಿ ಪ್ರೂಫ್ ಅಕ್ಕ, ಅಯ್ಯೋ ನೀನು ಹೀಗಿದ್ದೆಯಲ್ವಾ, ಕೂದಲೆಲ್ಲ ಇತ್ತು ಅಂದಳು. ಆ ಮುಖಕ್ಕೆ ಏನು ಮಾಡಿದ್ದೀಯ ನೀನು? ಕೆಟ್ಟದಾಗಿ ಬಿಡಿಸಿಲ್ಲ. ಹೆದರಿದವನ ಹಾಗೆ ಬಿಡಿಸಿದ್ದೀಯ. ಆ ದಿನ ಯಜಮಾನರ ಕೋಣೆಯಿಂದ ಇಳಿದು ಬಂದಾಗ ನಾನು ಹಾಗೇ ಕಾಣುತ್ತಿದ್ದೆನಾ?

ಎಂಟನೇ ಪುಟಕ್ಕೆ ಬಂದೆ. ರಾಜ ಮಂಡಿಯೂರಿದ್ದಾನೆ. ಸೇನಾಪತಿ ಒಂದು ಮಾರು ದೂರದಲ್ಲಿ ನಿಂತು ಅವನನ್ನು ನೋಡುತ್ತಿದ್ದಾನೆ. ಕೈಗಳು ಪಕ್ಕದಲ್ಲೇ ಇವೆ. ಎಬ್ಬಿಸುವುದಿಲ್ಲ, ಅಪ್ಪಿಕೊಳ್ಳುವುದೂ ಇಲ್ಲ. ಬಾಯಿಂದ ಮಾತಿನ ಬಲೂನು ಹೊರಟಿದೆ, ಒಳಗೆ ಒಂದಕ್ಷರವೂ ಇಲ್ಲ.

ಸುಳ್ಳು ಹೇಳುವುದಿಲ್ಲ, ಪೆನ್ನು ತೆಗೆದೆ. ನಾನೇ ಬರೆದುಕೊಟ್ಟ ಮಾತು, ಎರಡೇ ಪದ, ಜಾಗವೂ ಇದೆ. ನಿನ್ನ ಅಕ್ಷರದ ಹಾಗೆ ಬರೆಯಲು ನನಗೆ ಬರುತ್ತದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಮುಚ್ಚಿಟ್ಟೆ.

ಅಚ್ಚಿನವರು ಎರಡು ಸಲ ಫೋನ್ ಮಾಡಿದರು, ಮಾತು ಬಿಟ್ಟುಹೋಗಿದೆ ಸರ್ ಅಂತ. ಬಿಟ್ಟುಹೋಗಿಲ್ಲ ಅಂದೆ. ಎಲ್ಲಾದರೂ ಯಾರಾದರೂ ಒಳ್ಳೆಯತನಕ್ಕೆ ತುಂಬಿಬಿಟ್ಟಾರು ಅಂತ, ಕೊನೆಯ ಹಾಳೆ ಯಂತ್ರದಿಂದ ಹೊರಗೆ ಬರುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

ನೀನು ಬರೆಯದ ಮಾತನ್ನು ನಾನು ಕೇಳಿಸಿಕೊಂಡಿದ್ದೇನೆ. ನನಗೆ ಅದು ಬೇಕಿತ್ತು, ಬಹಳ ಬೇಕಿತ್ತು. ಸಿಗಲಿಲ್ಲ. ಆದರೂ ಸಂಚಿಕೆ ಸರಿಯಾಗಿದೆ.

ಮಗುವಿಗೂ ಒಂದು ಪ್ರತಿ ಕಳಿಸುತ್ತಿದ್ದೇನೆ, ಆಸ್ಪತ್ರೆಯ ವಿಳಾಸವನ್ನು ಅತ್ತಿಗೆಯೇ ಬರೆದು ಕಳಿಸಿದರು. ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ಕಾಗೆಮರಿಗೆ ಉತ್ತರ ಕೊಟ್ಟದ್ದು ರಾಜನಲ್ಲ, ನಾನು, ತಪ್ಪಾಯಿತು ಅಂತ ಬರೆದಿದ್ದೇನೆ. ಬೇರೇನೂ ಬರೆದಿಲ್ಲ.

ಬಾಯಿ


ಮೇ 9

ದೊಡ್ಡಪ್ಪ,

ನಿಮ್ಮ ಕಾಗದ, ಕೊನೆಯ ಸಂಚಿಕೆ ಎರಡೂ ಬಂದವು. ಉತ್ತರ ತಡವಾಯಿತು. ಏನು ಬರೆಯಬೇಕು ಅಂತ ನನಗೇ ಗೊತ್ತಿರಲಿಲ್ಲ.

ಕಾಗೆಮರಿಯ ಉತ್ತರ ಬರೆದದ್ದು ನೀವು ಅಂತ ಹನ್ನೆರಡು ವರ್ಷದವಳಿದ್ದಾಗಲೇ ಗೊತ್ತಾಯಿತು. ಉತ್ತರ ಬಂದಾಗ ಒಂದು ವಾರ ಅತ್ತಿದ್ದೆ, ಬಿಲ್ಲೆ ಹೋಯಿತಲ್ಲ ಅಂತ. ಆಮೇಲೆ ಮರೆತೆ. ನೀವು ಅದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ಅಮ್ಮ ಹೇಳಿದ್ದನ್ನು ಕೇಳಿದರೆ, ನೀವೂ ಅಪ್ಪನೂ ಒಂದು ವಿಷಯವನ್ನು ತಪ್ಪಾಗಿ ತಿಳಿದುಕೊಂಡಿದ್ದೀರಿ. ಅಪ್ಪ ದ್ರೋಹಿ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಬಾಗಿಲು ತೆಗೆಯುವುದು ಕಥೆ ಅಂತ ಒಂಬತ್ತು ವರ್ಷದವಳಿಗೂ ಗೊತ್ತಿರುತ್ತದೆ. ಶಾಲೆಯಲ್ಲಿ ಆಡಿಕೊಂಡರೂ ಸಹಿಸಿಕೊಳ್ಳುತ್ತಿದ್ದೆ. ನಾನು ಅವತ್ತು ಕೇಳಿದ್ದು ಬೇರೆ. ಈ ಚಿತ್ರ ನೀನೇ ಬಿಡಿಸಿದ್ದಾ ಅಂತ ಕೇಳಿದೆ. ಇಲ್ಲ, ಬೇರೆ ಯಾರೋ ಬಿಡಿಸಿದರು, ನನ್ನನ್ನು ಕೇಳದೆ ನನ್ನ ಮುಖ ಹಾಕಿದರು ಅನ್ನುತ್ತಾರೆ ಅಂತ ಕಾದು ನಿಂತಿದ್ದೆ. ಹೌದು ಅಂದರು. ಅಷ್ಟೇ. ನಿನ್ನ ಮುಖಕ್ಕೆ ಮಸಿ ಬಳಿದುಕೋ ಅಂತ ಯಾರೋ ಚೀಟಿ ಕಳಿಸಿದರೆ, ಅಪ್ಪ ಕೂತು, ಗೆರೆ ಅಲುಗದ ಹಾಗೆ, ತಾವೇ ಬಳಿದುಕೊಂಡಿದ್ದರು. ನಾಳೆ ಯಾರಾದರೂ ನನ್ನನ್ನು ಕೆಟ್ಟವಳಾಗಿ ಬರೆದು ಕಳಿಸಿದರೆ ಅದನ್ನೂ ಇಷ್ಟೇ ಚೆನ್ನಾಗಿ ಬಿಡಿಸಿಬಿಡುತ್ತಾರೆ ಅನ್ನಿಸಿತು. ಅವರ ಪಕ್ಕದಲ್ಲಿ ಕೂರಲು ಹೆದರಿಕೆಯಾಗುತ್ತಿತ್ತು, ದೊಡ್ಡಪ್ಪ. ಆಮೇಲೆ ಹೆದರಿಕೆ ಹೋಯಿತು, ದೂರ ಮಾತ್ರ ಅಭ್ಯಾಸವಾಗಿ ಉಳಿಯಿತು. ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ಹೇಳಿದರೆ ಅದಕ್ಕೂ ಹೌದು ಅಂದುಬಿಟ್ಟಾರು ಅಂತ ಸುಮ್ಮನಿದ್ದೆ.

ಕೊನೆಯ ಸಂಚಿಕೆಯನ್ನು ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಓದಿದೆ. ರಾಜನ ತಪ್ಪೊಪ್ಪಿಗೆ ಚೆನ್ನಾಗಿದೆ, ಆದರೆ ನನಗೆ ಅದು ಮುಖ್ಯವಾಗಲಿಲ್ಲ. ಎಂಟನೇ ಪುಟವನ್ನು ಬಹಳ ಹೊತ್ತು ನೋಡಿದೆ. ಆ ಬಲೂನಿಗೆ ನೀವು ಖಂಡಿತ ಏನೋ ಬರೆದುಕೊಟ್ಟಿದ್ದಿರಿ. ಸುಮ್ಮನೆ ಬಿಡುವವರಲ್ಲ ನೀವು.

ಅಪ್ಪನಿಗೆ ಫೋನ್ ಮಾಡಿದೆ. ಮಾತ್ರೆ, ಮೊಣಕಾಲು ಏನನ್ನೂ ಕೇಳಲಿಲ್ಲ. ಎಂಟನೇ ಪುಟದಲ್ಲಿ ದೊಡ್ಡಪ್ಪ ಬರೆದ ಹಾಗೇ ಬಿಡಿಸಿದಿರಾ ಅಂತ ಕೇಳಿದೆ. "ಇಲ್ಲ ಮಗಳೇ. ಇದೊಂದು ನನ್ನ ಕೈಲಿ ಆಗುವುದಿಲ್ಲ ಅಂದೆ" ಅಂದರು. ನಾವು ಇಬ್ಬರೂ ನಲವತ್ತು ನಿಮಿಷ ಮಾತಾಡಿದೆವು. ನನ್ನ ಊಟದ ಬಿಡುವು ಮುಗಿದು ಹೊರಗೆ ರೋಗಿಗಳು ಸಾಲು ನಿಂತಿದ್ದರು.

ಅಪ್ಪ ನಿಮ್ಮನ್ನು ಕ್ಷಮಿಸಿದ್ದಾರಾ ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ. ಸದ್ಯಕ್ಕೆ ಅವರಿಗೆ ಕಾಗದ ಬರೆಯಬೇಡಿ, ಅವರೇ ಬರೆಯುವವರೆಗೆ ಕಾಯಿರಿ. ಬರೆಯದೆಯೂ ಇರಬಹುದು. ನಿಮಗೆ ಇದು ಕಷ್ಟ ಅಂತ ಗೊತ್ತು.

ಭಾನುವಾರ ಮನೆಗೆ ಹೋಗುತ್ತಿದ್ದೇನೆ. ಈ ಸಲ ಒಂದು ವಾರ ರಜೆ ಹಾಕಿದ್ದೇನೆ.

ಇಂತು,
ಮಸಿಯ ಮಗಳು